ಲಿಫ್ಟಿಗೊಂದು ಪರಮಾದೇಶ

ನಮ್ಮ ಕೇಸಿನಲ್ಲಿ ಜಡ್ಜ್ ಎರಡು ಸಲ ‘ಇಲ್ಲ’ ಅಂದರು, ಒಂದು ಸಲ ‘ಹೂಂ’ ಅಂದರು. ಹೂಂ ಅಂದದ್ದಕ್ಕೆ ಯಾರು ಬೇಕಾದರೂ ಕೈ ಮುಗಿದಾರು. ನಾನು ಕೈ ಮುಗಿಯುವುದು ಆ ಎರಡು ಇಲ್ಲಗಳಿಗೆ, ಅದರಲ್ಲೂ ಎರಡನೆಯದಕ್ಕೆ. ಅದನ್ನು ಕೇಳಿ ಕೋರ್ಟಿನ ಮೆಟ್ಟಿಲಿಳಿಯುವಾಗ ನಾನು ಏನೇನು ಗೊಣಗಿದೆ ಅನ್ನುವುದು ಇಲ್ಲಿ ಬರೆಯುವಂಥದ್ದಲ್ಲ, ಬಿಡಿ.

ನಾವಿರುವುದು ಐದನೇ ಮಹಡಿಯಲ್ಲಿ. ನಾನು, ನನ್ನ ಗಂಡ, ನನ್ನ ಅತ್ತೆ. ನಾನು ಕಿಟಕಿ ಪಕ್ಕ ಹೊಲಿಗೆ ಮಷಿನ್ ಇಟ್ಟುಕೊಂಡು ಜನರ ಬಟ್ಟೆ ಸರಿಮಾಡಿ ಕೊಡುತ್ತೇನೆ. ಹೊಟ್ಟೆ ಬಂದವರಿಗೆ ಸಡಿಲ, ಕರಗಿದವರಿಗೆ ಬಿಗಿ. ಕರಗಿದವರು ಕಡಿಮೆ. ನನ್ನ ಗಂಡ ಅಂಗಡಿಗಳ ಬೋರ್ಡು ಬರೆಯುವವರು. ಬಣ್ಣ ಅಂದರೆ ಇವರಿಗೆ ಜೀವ. ಬೋರ್ಡು ಬರೆದು ಡಬ್ಬಿಯಲ್ಲಿ ಉಳಿದದ್ದನ್ನು ಮನೆಗೆ ತಂದು, ಅಲ್ಲಾಡದೆ ನಿಂತ ಯಾವುದಕ್ಕಾದರೂ ಬಳಿದೇ ತೀರುತ್ತಾರೆ. ನಮ್ಮ ಕಟ್ಟಡದ ಮೆಟ್ಟಿಲಿನ ಕಂಬಿ ಹಸಿರು, ಟಪಾಲು ಪೆಟ್ಟಿಗೆ ಹಸಿರು, ಅತ್ತೆಯ ಊರುಗೋಲು, ಕುರ್ಚಿ ಎರಡೂ ಹಸಿರು. ಕುರ್ಚಿ ಒಣಗುವ ಮೊದಲೇ ಅತ್ತೆ ಕೂತು, ಅವರನ್ನು ಎಬ್ಬಿಸಲು ನಾನು ಕತ್ತರಿ ತರಬೇಕಾಯಿತು. ಅಡುಗೆಮನೆಯ ಕಿಟಕಿಗೆ ಎರಡು ಕೋಟು ಹೊಡೆದ ಮೇಲೆ ಅದು ಇವತ್ತಿನವರೆಗೂ ತೆರೆದಿಲ್ಲ. ಏನಾದರೂ ಅಂದರೆ, “ತುಕ್ಕು ಹಿಡಿಯಲ್ಲ ನೋಡು” ಅನ್ನುತ್ತಾರೆ.

ಅತ್ತೆ ಒಂದು ಕಾಲದಲ್ಲಿ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದವರು. ಆ ತುದಿಯ ಗಿರಾಕಿಯನ್ನು ಈ ತುದಿಗೆ ಎಳೆದು ತರುವ ಗಂಟಲು ಅವರದು. ಸೊಂಟದ ಮೂಳೆ ಮುರಿದ ಮೇಲೆ ಮಾರುಕಟ್ಟೆ ನಿಂತಿತು, ಗಂಟಲು ನಿಲ್ಲಲಿಲ್ಲ. ಮನೆಯೊಳಗೆ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ.

ಅವರ ತಂಗಿ, ಅಂದರೆ ನನ್ನ ಚಿಕ್ಕತ್ತೆ, ಇರುವುದು ರಸ್ತೆಯ ಆಚೆ ಬದಿ, ನಮ್ಮ ಕಿಟಕಿಗೆ ನೇರ ಎದುರು, ನೆಲಮಹಡಿಯಲ್ಲಿ. ಅಕ್ಕತಂಗಿಯರು ಮದುವೆಯಾಗಿ ದಿಕ್ಕಾಪಾಲಾಗಿ, ಗಂಡಂದಿರನ್ನು ಕಳಕೊಂಡು, ವಯಸ್ಸಾದ ಮೇಲೆ ಒಂದೇ ರಸ್ತೆಗೆ ಬಂದು ಸೇರಿದವರು. ಚಿಕ್ಕತ್ತೆಗೆ ಹೃದಯದ ತೊಂದರೆ, ಮೆಟ್ಟಿಲು ಹತ್ತಲೇಬೇಡಿ ಅಂತ ಡಾಕ್ಟರ ಅಪ್ಪಣೆ. ಲಿಫ್ಟು ನಡೆಯುತ್ತಿದ್ದ ಕಾಲದಲ್ಲಿ ನಾನು ಅತ್ತೆಯನ್ನು ಮಧ್ಯಾಹ್ನ ಕೆಳಗಿಳಿಸಿ ರಸ್ತೆ ದಾಟಿಸಿ ಬಿಟ್ಟು ಬರುತ್ತಿದ್ದೆ. ಸಂಜೆವರೆಗೂ ಇಬ್ಬರೂ ಜಗಳವಾಡುತ್ತಿದ್ದರು. ಚಿಕ್ಕಂದಿನಲ್ಲಿ ಯಾರ ರಿಬ್ಬನ್ನು ಯಾರು ಕದ್ದರು ಅನ್ನುವುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಅದೇ ಅವರ ಸುಖ.

ಒಂದು ದಿನ ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಕೈಕೊಟ್ಟಿತು. ಒಳಗಿದ್ದವರನ್ನು ಹೇಗೋ ಹೊರಗೆಳೆದದ್ದಾಯಿತು. ಮರುದಿನ ಲಿಫ್ಟ್ ಇನ್ಸ್‌ಪೆಕ್ಟರ್ ಬಂದರು. ಕುಳ್ಳಗಿನ ಮನುಷ್ಯ, ಕೈಯಲ್ಲಿ ಉದ್ದನೆ ಟಾರ್ಚು, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಮೇಲೆ ಕೆಳಗೆ ಬೆಳಕು ಬಿಟ್ಟು ನೋಡಿ, ಕೆಳಗಿನ ಮೇನ್ ಸ್ವಿಚ್ಚಿಗೆ ಅರಗಿನ ಮುದ್ರೆ ಒತ್ತಿ, “ರಿಪೇರಿ ಮಾಡ್ಸಿ. ಆಮೇಲೆ ಬಂದು ನೋಡ್ತೀನಿ. ಸರಿ ಇದ್ರೆ ಸರ್ಟಿಫಿಕೇಟ್ ಕೊಡ್ತೀನಿ” ಅಂದು ಹೊರಟುಹೋದರು.

ರಿಪೇರಿ ನಡೆಯಿತು. ಮೆಕ್ಯಾನಿಕ್ಕು ಬಂದು ಬಿಚ್ಚಿದ, ಜೋಡಿಸಿದ, ಹೊಸ ಹಗ್ಗ ಹಾಕಿದ, ಕೈಯಿಂದ ತಿರುಗಿಸಿ ಲಿಫ್ಟನ್ನು ಕೆಳಗೆ ಇಳಿಸಿದ. ಬಾಡಿಗೆದಾರರ ಸಂಘದವರು ಸರದಿ ಪ್ರಕಾರ ಅವನ ಪಕ್ಕದಲ್ಲಿ ನಿಂತು, ಏನೂ ಅರ್ಥವಾಗದಿದ್ದರೂ ತಲೆಯಾಡಿಸಿದರು. ನನ್ನ ಗಂಡ ಸುಮ್ಮನಿರುವ ಆಸಾಮಿಯೇ? ಅಮ್ಮ ಇಳಿಯುವ ಲಿಫ್ಟು ಹೊಸದರ ಹಾಗೆ ಕಾಣಬೇಕು ಅಂತ ಡಬ್ಬಿ ಹಿಡಿದು ಒಳಗೆ ಇಳಿದೇಬಿಟ್ಟರು. ಬಾಗಿಲು, ಒಳಗೋಡೆ, ಕೊನೆಗೆ ಲಿಫ್ಟಿನ ಕೆಳಗಿರುವ ಗುಂಡಿಗೆ ಇಳಿದು ಮಲಗಿ ಅದರ ಹೊಟ್ಟೆಯ ಅಡಿ ಕೂಡ ಬಿಡಲಿಲ್ಲ. ಎಲ್ಲೆಲ್ಲೂ ಹಸಿರು. “ಅಡಿಯಲ್ಲಿ ಯಾರ್ ನೋಡ್ತಾರ್ರೀ?” ಅಂದೆ. “ಅಮ್ಮನ ಕಾಲಡಿ ಅಲ್ವೇನೇ ಅದು?” ಅಂದರು.

ಅಲ್ಲಿಂದ ಶುರುವಾಯಿತು ಕಾಯುವುದು. ಇನ್ಸ್‌ಪೆಕ್ಟರ್ ಬರಲಿಲ್ಲ. ತಿಂಗಳುಗಳು ಉರುಳಿದವು. ಅತ್ತೆ ಕಿಟಕಿ ಹಿಡಿದರು, ಚಿಕ್ಕತ್ತೆ ಎದುರಿನ ಫುಟ್‌ಪಾತಿನಲ್ಲಿ ಸ್ಟೂಲು ಹಾಕಿದರು. ಇಲ್ಲಿಂದ ಇವರು ಕೂಗುವುದು, ಅಲ್ಲಿಂದ ಅವರು ಕೂಗುವುದು. ಇಡೀ ರಸ್ತೆಗೆ ನಮ್ಮ ಮನೆತನದ ಚರಿತ್ರೆ ಬಾಯಿಪಾಠವಾಯಿತು. ಒಂದು ಸಲ ಅತ್ತೆಯನ್ನು ಕುರ್ಚಿಯ ಸಮೇತ ಎತ್ತಿ ಇಳಿಸಲು ನೋಡಿದೆವು. ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಆ ಎಳೆದಾಟದಲ್ಲಿ ಸೊಂಟದ ನೋವು ಮತ್ತೆ ಕೆರಳಿತು. ವಾಪಸು ಮೇಲೆ ಬಂದ ಮೇಲೆ ಅತ್ತೆ ಹೇಳಿದರು: “ಇನ್ನು ನನ್ನನ್ನ ಹೊತ್ಕೊಂಡು ಇಳಿಸೋದು ಒಂದೇ ಸಲ. ಆಗ ನಾನು ನಿಮಗೆ ಎದುರುತ್ತರ ಕೊಡಲ್ಲ.”

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಚಿಕ್ಕತ್ತೆಯ ಕಿವಿ ಮಂದವಾಗತೊಡಗಿತು. ಅತ್ತೆ “ಮಾತ್ರೆ ನುಂಗಿದ್ಯಾ?” ಅಂದರೆ ಅವರು “ಹೂಂ, ತುಂಬಾ ಬಿಸಿಲು” ಅನ್ನುತ್ತಿದ್ದರು. ಫೋನಿನಲ್ಲಿ ಅವರಿಗೆ ಗೊರಗೊರ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಕಿವಿಗೆ ಹಾಕಿದ ಯಂತ್ರ ಕೀಂಯ್ ಅನ್ನುತ್ತದೆ ಅಂತ ತೆಗೆದು ಡ್ರಾಯರಿಗೆ ಹಾಕಿದ್ದರು. ನಾನೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಚ್ಚುಮರೆ ಮಾಡಲಿಲ್ಲ. “ಇದು ಪೂರ್ತಿ ಹೋಗುತ್ತಮ್ಮ. ತಡೆಯೋಕಾಗಲ್ಲ. ಮಾತಾಡೋರು ಇದ್ರೆ ಈಗಲೇ ಹತ್ತಿರ ಕೂತು ಮಾತಾಡಲಿ” ಅಂದರು.

ಅದನ್ನು ಅತ್ತೆಗೆ ಹೇಳಿದ ದಿನ ಅವರು ಕಿಟಕಿಯಿಂದ ಕೂಗಲಿಲ್ಲ. ಕೆಳಗೆ ಸ್ಟೂಲಿನಲ್ಲಿ ಕೂತ ತಂಗಿಯನ್ನು ನೋಡುತ್ತಾ ಇದ್ದು, ಆಮೇಲೆ ನನ್ನ ಕಡೆ ತಿರುಗಿ, “ಅವಳ ಕಿವಿ ಮುಚ್ಚೋದ್ರೊಳಗೆ ನಾನು ಇಳೀಬೇಕು ಕಣೇ” ಅಂದರು. ಬೇಡುವವರಲ್ಲ ನನ್ನ ಅತ್ತೆ. ಮೀನಿನ ಬೆಲೆಯಲ್ಲೇ ಯಾರಿಗೂ ಜಗ್ಗಿದವರಲ್ಲ. ಅವತ್ತು ಬೇಡಿದರು.

ನನ್ನ ಪಿತ್ತ ನೆತ್ತಿಗೇರಿತು. ಮೂರನೇ ಮಹಡಿಯಲ್ಲಿ ಒಬ್ಬ ವಕೀಲೆ ಇದ್ದಾಳೆ, ಅವಳ ಕರಿ ಕೋಟಿನ ತೋಳು ಗಿಡ್ಡ ಮಾಡಿಕೊಟ್ಟವಳು ನಾನೇ. ಅವಳ ಮನೆ ಬಾಗಿಲು ಬಡಿದೆ. ಕೇಳಿಸಿಕೊಂಡು ಅವಳು, “ಅಧಿಕಾರಿ ಮಾಡ್ಲೇಬೇಕಾದ ಕೆಲಸ ಮಾಡದೇ ಕೂತ್ರೆ, ಮಾಡಯ್ಯ ಅಂತ ಹೈಕೋರ್ಟು ಹೇಳಬಹುದು ಅಕ್ಕ. ಮ್ಯಾಂಡಮಸ್ ಅಂತಾರೆ. ಪರಮಾದೇಶ” ಅಂದಳು.

ಪರಮಾದೇಶ! ಅತ್ತೆಗೆ ಆ ಮಾತು ಬಲು ರುಚಿಸಿತು. ಆ ವಾರವೆಲ್ಲ ಮನೆಯಲ್ಲಿ ಅದೇ. ಚಹಾ ತಡವಾದರೆ “ಪರಮಾದೇಶ ತರಲಾ?” ಅನ್ನುತ್ತಿದ್ದರು. ಜಡ್ಜ್ ಒಂದು ಮಾತು ಅಂದರೆ ಸಾಕು, ಲಿಫ್ಟು ತಾನಾಗಿಯೇ ಬಂದು ಬಾಗಿಲು ತೆಗೆದು ನಿಲ್ಲುತ್ತದೆ ಅಂತ ಅವರ ಲೆಕ್ಕ. ನನ್ನ ಲೆಕ್ಕವೂ ಸುಮಾರಾಗಿ ಅದೇ.

ಕೋರ್ಟಿಗೆ ನಾನು, ವಕೀಲೆ, ಸಂಘದ ಕಾರ್ಯದರ್ಶಿ ಹೋದೆವು. ಕಾರ್ಯದರ್ಶಿ ನಿವೃತ್ತ ಭೂಗೋಳದ ಮೇಷ್ಟ್ರು, ಎರಡನೇ ಮಹಡಿ. ಎತ್ತರದ ಕೋಣೆ, ಫ್ಯಾನು ಮೇಲೆಲ್ಲೋ ತಿರುಗುತ್ತಿತ್ತು, ಗಾಳಿ ಕೆಳಗೆ ಬರುತ್ತಿರಲಿಲ್ಲ. ಜಡ್ಜ್ ಹೆಂಗಸು, ನನ್ನ ಅಕ್ಕನ ವಯಸ್ಸು. ನೆಗಡಿಯಾಗಿತ್ತು, ಕರ್ಚೀಫು ಕೈಯಲ್ಲೇ ಇತ್ತು. ನಮ್ಮ ವಕೀಲೆ ಅತ್ತೆಯ ಸೊಂಟ, ಚಿಕ್ಕತ್ತೆಯ ಕಿವಿ, ಅಧಿಕಾರಿಯ ಕಲ್ಲುಹೃದಯ ಎಲ್ಲವನ್ನೂ ಹೇಳಿದಳು. ನನಗೇ ಕಣ್ಣು ತುಂಬಿ ಬಂತು. ಜಡ್ಜ್ ಪೂರ್ತಿ ಕೇಳಿ, ಮೂಗು ಒರೆಸಿಕೊಂಡು, ಒಂದೇ ಪ್ರಶ್ನೆ ಹಾಕಿದರು.

“ರಿಪೇರಿ ಆಗಿದೆ, ಬನ್ನಿ ಅಂತ ಅವರಿಗೆ ಯಾರು ಹೇಳಿದ್ರು?”

ವಕೀಲೆ ನನ್ನ ಕಡೆ ನೋಡಿದಳು. ನಾನು ಮೇಷ್ಟ್ರ ಕಡೆ ನೋಡಿದೆ. ಮೇಷ್ಟ್ರು ಫ್ಯಾನಿನ ಕಡೆ ನೋಡಿದರು. ಮೆಕ್ಯಾನಿಕ್ಕು ಹೇಳಿರುತ್ತಾನೆ ಅಂತ ಮೇಷ್ಟ್ರು, ಮೇಷ್ಟ್ರು ಹೇಳಿರುತ್ತಾರೆ ಅಂತ ನಾವು, ಸಂಘಕ್ಕೆ ಹೇಳಿದ ಮೇಲೆ ಇನ್ಸ್‌ಪೆಕ್ಟರಿಗೂ ತಿಳಿದಿರುತ್ತದೆ ಅಂತ ಮೆಕ್ಯಾನಿಕ್ಕು. ‘ಆಮೇಲೆ ಬಂದು ನೋಡ್ತೀನಿ’ ಅಂದಿದ್ದರಲ್ಲ, ಬಂದು ನೋಡುತ್ತಾರೆ ಅಂತ ಕೂತುಬಿಟ್ಟಿದ್ದೆವು. ಐದೂ ಮಹಡಿಗಳಲ್ಲಿ ಆ ಮನುಷ್ಯನನ್ನು ಬಾಯಿತುಂಬ ಬೈದಿದ್ದೆವು. ಒಬ್ಬರೂ ಅವರನ್ನು ಕೇಳಿರಲಿಲ್ಲ.

“ಕೇಳ್ದೇ ಇದ್ದದ್ದನ್ನ ಅವರು ಹೇಗಮ್ಮ ಇಲ್ಲ ಅಂದ ಹಾಗಾಯ್ತು?” ಅಂದರು ಜಡ್ಜ್. “ಇದು ಕೋರ್ಟು ದಿನಾ ತೆಗೆಯೋ ಬಾಗಿಲಲ್ಲ. ಬೇರೆ ಬಾಗಿಲೆಲ್ಲ ತಟ್ಟಿ, ಯಾವುದೂ ತೆಗೀದೇ ಇದ್ರೆ ಇಲ್ಲಿಗೆ ಬರಬೇಕು. ನೀವು ಎದುರಿಗಿರೋ ಬಾಗಿಲನ್ನೇ ತಟ್ಟಿಲ್ಲ. ಹೋಗಿ ಕೇಳಿ. ಉತ್ತರ ಬರದಿದ್ರೆ ಮತ್ತೆ ಬನ್ನಿ.” ಅರ್ಜಿ ವಜಾ. ಇದು ಮೊದಲನೇ ಇಲ್ಲ.

ದಾರಿಯುದ್ದಕ್ಕೂ ವಕೀಲೆ ತಲೆ ತಗ್ಗಿಸಿಕೊಂಡೇ ಬಂದಳು. “ಮೊದಲು ಕೇಳಬೇಕು ಅನ್ನೋದು ಇದರ ಮೊದಲ ಪಾಠ ಅಕ್ಕ. ನೀವೆಲ್ಲ ಅಷ್ಟು ಬೈತಿದ್ರಿ ನೋಡಿ, ಕೇಳಿರ್ತೀರಿ ಅಂದ್ಕೊಂಡೆ.” ನನಗೆ ನಗು ಬಂತು, ಅವಳಿಗೂ ಬಂತು. ಮೇಷ್ಟ್ರಿಗೆ ಮಾತ್ರ ಬರಲಿಲ್ಲ.

ಮರುದಿನವೇ ಇನ್ಸ್‌ಪೆಕ್ಟರ್ ಕಚೇರಿಗೆ ಹೋಗಿ ಕೈಯಾರೆ ಅರ್ಜಿ ಕೊಟ್ಟೆ. ಕಿರಿದಾದ ಕೋಣೆ, ಮೇಜಿನ ಮೇಲೆ ಕಡತಗಳ ಗೋಡೆ, ಅದರ ಹಿಂದೆ ಅವರು. ಓದಿದರು, ಮೊಹರು ಒತ್ತಿದರು, “ನೋಡೋಣ” ಅಂದರು. ಅದಾದ ಮೇಲೆ ಸದ್ದಿಲ್ಲ. ಮತ್ತೆ ಹೋದೆ. “ನೋಡೋಣ.” ಮತ್ತೊಮ್ಮೆ ಹೋದಾಗ ನನ್ನನ್ನು ದೂರದಿಂದಲೇ ಕಂಡು ಕಡತದ ಹಿಂದೆ ತಲೆ ಇಳಿಸಿದರು. ಬೋಳುತಲೆ ಕಾಣಿಸುತ್ತಲೇ ಇತ್ತು. ಈ ನಡುವೆ ಚಿಕ್ಕತ್ತೆಗೆ ಕೂಗಿದ್ದು ಕೇಳಿಸುವುದು ನಿಂತೇ ಹೋಯಿತು. ಅತ್ತೆ ಕಿಟಕಿಯಿಂದ ಕೈಸನ್ನೆ ಮಾಡುತ್ತಿದ್ದರು, ಚಿಕ್ಕತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ತಿಳಿಯದೆ ನಗುತ್ತಿದ್ದರು. ಆ ನಗು ನೋಡಲಾರದೆ ನಾನು ಮಷಿನ್ನನ್ನೇ ಒಳಕೋಣೆಗೆ ಎಳೆದುಕೊಂಡೆ.

ಎರಡನೇ ಸಲ ಕೋರ್ಟಿಗೆ ಹೋದಾಗ ವಕೀಲೆ ಎರಡು ಬೇಡಿಕೆ ಇಟ್ಟಿದ್ದಳು. ಒಂದು, ಇನ್ಸ್‌ಪೆಕ್ಟರ್ ಬಂದು ಲಿಫ್ಟು ನೋಡಬೇಕು. ಇನ್ನೊಂದು ನಾನು ಹಟ ಹಿಡಿದು ಹಾಕಿಸಿದ್ದು: ಮೆಕ್ಯಾನಿಕ್ಕು ಸರಿಯಿದೆ ಅಂತ ಬರೆದುಕೊಟ್ಟಿದ್ದಾನೆ, ಹೊತ್ತು ಮೀರುತ್ತಿದೆ, ಆದ್ದರಿಂದ ನೋಡುವ ಗೋಜಿಲ್ಲದೆ ಇವತ್ತೇ ಸರ್ಟಿಫಿಕೇಟ್ ಕೊಡಲು ಆದೇಶಿಸಬೇಕು.

ಅವತ್ತು ಇನ್ಸ್‌ಪೆಕ್ಟರೂ ಬಂದಿದ್ದರು, ಟಾರ್ಚಿನ ಸಮೇತ. ಯಾಕೆ ಹೋಗಲಿಲ್ಲ ಅಂತ ಜಡ್ಜ್ ಕೇಳಿದರು. ಅವರು ಟಾರ್ಚನ್ನು ತಿರುಗಿಸುತ್ತಾ, “ಹೋದ್ರೆ ಸಹಿ ಹಾಕು ಅಂತ ಮುತ್ಕೋತಾರೆ ಮೇಡಂ. ಹೋದ ವರ್ಷ ಒಂದ್ ಕಡೆ ಸಹಿ ಹಾಕೋವರೆಗೂ ನನ್ನನ್ನ ಟೆರೇಸಿನಿಂದ ಇಳಿಯೋಕೆ ಬಿಡ್ಲಿಲ್ಲ. ಅಲ್ಲೂ ಒಬ್ಬರು ಅಜ್ಜಿ ಇದ್ರು. ಎಲ್ಲಾ ಕಟ್ಟಡದಲ್ಲೂ ಒಬ್ಬರು ಅಜ್ಜಿ ಇರ್ತಾರೆ. ಇಲ್ಲ ಅಂದ್ರೆ ನಾನು ಕೆಟ್ಟವನು. ಹೋಗದೇ ಇದ್ರೆ ಇಲ್ಲ ಅನ್ನೋ ಪ್ರಮೇಯ ಬರಲ್ಲ ಅಂತ...” ಅಂದು ನಿಲ್ಲಿಸಿದರು.

ನನಗೆ ಅವರ ಮೇಲಿದ್ದ ಕೋಪ ಅಲ್ಲೇ ಅರ್ಧ ಇಳಿಯಿತು. ಉಳಿದರ್ಧವನ್ನು ಕಷ್ಟಪಟ್ಟು ಹಿಡಿದಿಟ್ಟುಕೊಂಡೆ.

“ಹೂಂ ಅನ್ನೋದೂ ನಿಮಗೆ ಬಿಟ್ಟಿದ್ದು, ಇಲ್ಲ ಅನ್ನೋದೂ ನಿಮಗೆ ಬಿಟ್ಟಿದ್ದು” ಅಂದರು ಜಡ್ಜ್. “ಬಾಯಿ ಮುಚ್ಕೊಂಡು ಕೂರೋದು ಮಾತ್ರ ನಿಮಗೆ ಬಿಟ್ಟಿದ್ದಲ್ಲ. ಈ ವಾರದೊಳಗೆ ಹೋಗಿ ನೋಡಿ, ತೀರ್ಮಾನ ಮಾಡಿ.” ಮೊದಲ ಬೇಡಿಕೆಗೆ ಹೂಂ. ವಕೀಲೆ ಎರಡನೆಯದಕ್ಕೆ ಬಾಯಿ ತೆರೆದಳು. ಜಡ್ಜ್ ಕೈ ಎತ್ತಿ ತಡೆದು ನೇರವಾಗಿ ನನ್ನನ್ನೇ ನೋಡಿದರು.

“ನೀವೇ ಸೊಸೆ ಅಲ್ವಾ? ನಾನು ನಿಮ್ಮ ಲಿಫ್ಟು ನೋಡಿಲ್ಲಮ್ಮ. ನೋಡಿದ್ರೂ ನನಗೆ ತಿಳಿಯಲ್ಲ. ನೋಡಿ ಹೇಳೋ ಕೆಲಸ ಇವರದು. ನೋಡಿ ಅಂತ ನಾನು ಇವರಿಗೆ ಹೇಳಬಹುದು. ಏನು ಕಾಣಿಸ್ಬೇಕು ಅಂತ ಹೇಳೋ ಹಾಗಿಲ್ಲ. ನನಗೆ ಕರುಣೆ ಬಂತು ಅಂತ ಲಿಫ್ಟು ಗಟ್ಟಿಯಾಗುತ್ತಾ?”

ಅದು ಎರಡನೇ ಇಲ್ಲ. ಎಷ್ಟು ಮೆದುವಾಗಿ ಹೇಳಿದ್ದರು ಆಕೆ! ನನಗೆ ಅವತ್ತು ಕೇಳಿಸಿದ್ದು ಆ ಕೊನೆಯ ಮಾತಲ್ಲ, ಇಲ್ಲ ಅನ್ನುವುದೊಂದೇ. ಒಂದು ಸಹಿ ಹಾಕಿಸಲಾಗದ ಮೇಲೆ ಇದೆಂಥ ಪರಮಾದೇಶ ಅಂತ ಮೆಟ್ಟಿಲುದ್ದಕ್ಕೂ ಗೊಣಗಿಕೊಂಡೇ ಇಳಿದೆ.

ಇನ್ಸ್‌ಪೆಕ್ಟರ್ ಆ ವಾರದಲ್ಲೇ ಬಂದರು. ಅತ್ತೆ ಬೆಳಗ್ಗೆಯೇ ಒಳ್ಳೆಯ ಬಟ್ಟೆ ಹಾಕಿ, ತಲೆ ಬಾಚಿಸಿಕೊಂಡು, ಹಸಿರು ಕುರ್ಚಿಯನ್ನು ಐದನೇ ಮಹಡಿಯ ಲಿಫ್ಟಿನ ಬಾಗಿಲ ಮುಂದೆ ಹಾಕಿಸಿಕೊಂಡು ಕೂತಿದ್ದರು. ತೊಡೆಯ ಮೇಲೆ ಕೈಚೀಲ. ಅದರಲ್ಲಿ ತಂಗಿಗೆ ಅಂತ ನನ್ನಿಂದ ಹೊಲಿಸಿದ ಒಂದು ಬಟ್ಟೆ, ಮೇಲೊಂದು ಕೆಂಪು ರಿಬ್ಬನ್ನು. ಎದುರಿನ ಫುಟ್‌ಪಾತಿನಲ್ಲಿ ಚಿಕ್ಕತ್ತೆ ನಮ್ಮ ಗೇಟಿನ ಕಡೆಗೇ ಮುಖ ಮಾಡಿ ಸ್ಟೂಲು ಹಾಕಿದ್ದರು. ಇನ್ಸ್‌ಪೆಕ್ಟರ್ ಅರಗಿನ ಮುದ್ರೆ ಒಡೆದಾಗ ಎಲ್ಲ ಮಹಡಿಯವರೂ ಚಪ್ಪಾಳೆ ತಟ್ಟಿದರು. ಅವರು ಇನ್ನಷ್ಟು ಗಂಭೀರರಾದರು.

“ತೂಕ ಹಾಕಿ ನೋಡ್ಬೇಕು” ಅಂದರು.

“ತೂಕಕ್ಕೇನ್ ಸಾರ್, ನಾವೇ ನಿಲ್ತೀವಿ!” ಅಂದರು ಮೇಷ್ಟ್ರು. ಎಲ್ಲರೂ ನಾನು ತಾನು ಅಂತ ಮುಂದೆ ಬಂದರು. ನನ್ನ ಗಂಡ ಆಗಲೇ ಒಳಗೆ ಒಂದು ಕಾಲಿಟ್ಟಾಗಿತ್ತು. “ಮೊದಲು ನಾನು” ಅಂತ ಅತ್ತೆ ಮೇಲಿನಿಂದ ಕೂಗಿದ್ದು ಕೆಳಗಿನವರೆಗೂ ಕೇಳಿಸಿತು. “ಕೋರ್ಟಿಗೆ ಹೋದದ್ದು ಯಾರ ಹೆಸರಲ್ಲಿ?”

ಇನ್ಸ್‌ಪೆಕ್ಟರ್ ನನ್ನ ಗಂಡನ ತೋಳು ಹಿಡಿದು ಹೊರಗೆಳೆದರು. “ಮರಳು ತನ್ನಿ” ಅಂದರು ಅಷ್ಟೇ.

ಮರಳಿನ ಚೀಲಗಳು ಬಂದವು. ಜನ ತುಂಬಿದರೆ ಆಗುವ ಭಾರಕ್ಕಿಂತ ಹೆಚ್ಚೇ ಪೇರಿಸಿದರು. ಇನ್ಸ್‌ಪೆಕ್ಟರ್ ಟೆರೇಸಿನ ಮೋಟಾರು ಕೋಣೆಗೆ ಹೋದರು, ಮೆಕ್ಯಾನಿಕ್ಕು ಜೊತೆಗೆ. ನಾನು ಅತ್ತೆಯ ಹತ್ತಿರ ಮೇಲೆ ಹೋದೆ. ಲಿಫ್ಟು ಹತ್ತಿ ಬಂತು. ಐದನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಒಳಗೆ ಚೀಲಗಳು ಮರ್ಯಾದಸ್ಥರ ಹಾಗೆ ನಿಂತಿದ್ದವು, ಹಸಿರು ಗೋಡೆ ಫಳಫಳ ಹೊಳೆಯುತ್ತಿತ್ತು. ಅತ್ತೆ ಕೋಲು ಊರಿ ಎದ್ದೇಬಿಟ್ಟರು. “ಇನ್ನೇನು ನೋಡೋದಿದೆಯಪ್ಪಾ? ಬಂತಲ್ಲ!” ಅಂದರು.

“ಇಳಿಯೋದು ನೋಡ್ಬೇಕಮ್ಮ” ಅಂತ ಮೇಲಿನಿಂದ ದನಿ ಬಂತು.

ಬಾಗಿಲು ಮುಚ್ಚಿತು. ಲಿಫ್ಟು ಇಳಿಯತೊಡಗಿತು. ನಡುದಾರಿಯಲ್ಲಿ ಅವರು ಮೇಲಿನಿಂದ ನಿಲ್ಲಿಸಿದರು. ನಿಂತಿತು. ನಾನು ಉಸಿರು ಬಿಟ್ಟೆ. ಆಗ ಎಲ್ಲೋ ಏನೋ ಕಿರ್ರ್ ಅಂತ ಜಾರಿತು. ನಿಂತದ್ದು ಮತ್ತೆ ಹೊರಟಿತು, ಯಾರೂ ಕಳಿಸದೆ. ಮೊದಲು ಮೆಲ್ಲಗೆ, ಆಮೇಲೆ ನಿಲ್ಲಿಸುವವರಿಲ್ಲದ ಹಾಗೆ. ಕೆಳಗೆ ಬಿದ್ದ ಸದ್ದಿಗೆ ನಮ್ಮ ಮನೆಯ ಪಾತ್ರೆಗಳು ಕಪಾಟಿನಲ್ಲಿ ಕುಣಿದವು. ಬಾಗಿಲ ಸಂದಿಯಿಂದ ಮರಳಿನ ಧೂಳು ಹೊಗೆಯ ಹಾಗೆ ಎದ್ದು ಬಂದು ಅತ್ತೆಯ ಒಳ್ಳೆಯ ಬಟ್ಟೆಯ ಮೇಲೆ ಕೂತಿತು.

ಅತ್ತೆ ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಸದ್ದಿಗೋ ನೆಲದ ನಡುಕಕ್ಕೋ ಚಿಕ್ಕತ್ತೆ ರಸ್ತೆ ದಾಟಿ ನಮ್ಮ ಗೇಟಿಗೆ ಬಂದು ನಿಂತಿದ್ದರು. ನಾನು ಕಿಟಕಿಯಿಂದ ಬಗ್ಗಿ ಅತ್ತೆಯ ಕಡೆ ಬೊಟ್ಟು ಮಾಡಿ, ಇಲ್ಲೇ ಇದ್ದಾರೆ, ಇಲ್ಲೇ ಇದ್ದಾರೆ ಅಂತ ಕೈಯಾಡಿಸಿದೆ. ಅವರು ಗೇಟು ಹಿಡಿದುಕೊಂಡೇ ಕುಸಿದು ಕೂತರು. ಯಾರೋ ನೀರು ಕೊಟ್ಟರು.

ನಾನು ಕೆಳಗೆ ಓಡಿದೆ. ಇನ್ಸ್‌ಪೆಕ್ಟರ್ ಗುಂಡಿಗೆ ಇಳಿದು ಬಹಳ ಹೊತ್ತು ಟಾರ್ಚು ಹಿಡಿದು ನೋಡಿ ಮೇಲೆ ಬಂದರು. ಮೇಲೆ ಮೋಟಾರು ಕೋಣೆಯಲ್ಲಿ ಬ್ರೇಕಿನ ಪಟ್ಟಿಗೆ ಎಣ್ಣೆ ಹತ್ತಿತ್ತು. ಅದು ಮೆಕ್ಯಾನಿಕ್ಕಿನ ಕೆಲಸ. ಅವನು ಗೋಡೆಗೆ ಒರಗಿ ನಿಂತಿದ್ದ. “ಬ್ರೇಕು ಹೋದ್ರೂ ಹೀಗೆ ಬೀಳ್ಬಾರ್ದು” ಅಂದರು ಇನ್ಸ್‌ಪೆಕ್ಟರ್. “ಲಿಫ್ಟಿನ ಅಡಿಯಲ್ಲಿ ಎರಡು ಹಿಡಿಕೆ ಇರುತ್ತೆ. ವೇಗ ಜಾಸ್ತಿ ಆದ್ರೆ ಅವು ಹಲ್ಲು ಕಚ್ಚಿದ ಹಾಗೆ ಅಕ್ಕಪಕ್ಕದ ಕಂಬೀನ ಕಚ್ಚಬೇಕು. ಎರಡೂ ಅಲ್ಲಾಡಿಲ್ಲ. ಬಣ್ಣ ಒಣಗಿ ಅಂಟಿಕೊಂಡಿವೆ. ಅದಕ್ಕೆ ಬಣ್ಣ ಹೊಡೆದ ಮಹಾನುಭಾವರು ಯಾರು?”

ಹೇಳಬೇಕಾಗಿರಲಿಲ್ಲ. ನನ್ನ ಗಂಡನ ಉಗುರಿನ ಸಂದಿಯಲ್ಲಿ ಹಸಿರು ಇದ್ದೇ ಇರುತ್ತದೆ. ಅವರು ನನಗಿಂತ ಮುಂದೆ ಐದೂ ಮಹಡಿ ಹತ್ತಿ, ಅತ್ತೆಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಅವರ ಎರಡೂ ಪಾದಗಳನ್ನು ಹಿಡಿದುಕೊಂಡರು. ಹೆಗಲು ಅಲುಗುತ್ತಿತ್ತು. ನಾನು ಈ ಮನುಷ್ಯ ಅತ್ತದ್ದನ್ನು ನೋಡಿರಲಿಲ್ಲ. ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟು ಕೂತಿದ್ದರು, ಬೈಯಲಿಲ್ಲ. ಅವರು ಬೈಯದಿದ್ದದ್ದಕ್ಕೇ ನನಗೆ ಅಳು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಏಳೋ. ಕುರ್ಚಿ ಅಲ್ಲಾಡ್ತಿದೆ” ಅಂದರು.

ಆಗ ನನಗೆ ಕೋರ್ಟಿನ ಕೋಣೆ ಕಣ್ಣಿಗೆ ಕಟ್ಟಿತು. ಆ ಕರ್ಚೀಫು, ಆ ಎತ್ತಿದ ಕೈ. ಎರಡನೇ ಬೇಡಿಕೆಗೆ ಆಕೆ ಹೂಂ ಅಂದಿದ್ದರೆ ಅವತ್ತು ಸಂಜೆಯೇ ಸರ್ಟಿಫಿಕೇಟ್ ಬರುತ್ತಿತ್ತು. ಮರಳು ಬರುತ್ತಿರಲಿಲ್ಲ. ಅತ್ತೆ ಮೊದಲು ಹತ್ತುತ್ತಿದ್ದರು, ಜೊತೆಗೆ ಕೋಲು ಹಿಡಿದು ನಾನು, ಕುರ್ಚಿ ಹಿಡಿದು ಇವರು, ಸಂಭ್ರಮಕ್ಕೆ ಮೇಷ್ಟ್ರು, ಇನ್ನೂ ಯಾರಾರೋ. ಆಕೆಗೆ ಕರುಣೆ ಇತ್ತು, ಕಣ್ಣಲ್ಲೇ ಕಾಣುತ್ತಿತ್ತು. ಆ ಕರುಣೆಯನ್ನು ಒತ್ತಟ್ಟಿಗಿಟ್ಟು, ತನಗೆ ತಿಳಿಯದ್ದನ್ನು ತಿಳಿಯದು ಅಂದು, ತಿಳಿದವರ ಕೈಗೇ ಬಿಟ್ಟರು. ನಾವು ಅಂದುಕೊಂಡಷ್ಟು ದೊಡ್ಡ ಅಧಿಕಾರವನ್ನು ಆಕೆ ಚಲಾಯಿಸಲಿಲ್ಲ, ಅದಕ್ಕೇ ನಾವೆಲ್ಲ ಇದ್ದೇವೆ.

ಇನ್ಸ್‌ಪೆಕ್ಟರ್ ‘ಯೋಗ್ಯವಲ್ಲ’ ಅಂತ ಬರೆದು ಸಹಿ ಹಾಕಿದರು. ನಮ್ಮನ್ನು ಓರೆಗಣ್ಣಿನಿಂದ ನೋಡುತ್ತಾ ಹಾಕಿದರು, ಯಾರಾದರೂ ಮುತ್ತಿಗೆ ಹಾಕಿಯಾರು ಅಂತ. ಮುತ್ತಿಗೆ ಹಾಕಿದ್ದು ನಿಜ. ಮೇಷ್ಟ್ರು ಅವರ ಕೈ ಹಿಡಿದು ಬಿಡಲೇ ಇಲ್ಲ. ನಾನು ಚಹಾ ಕೊಟ್ಟೆ. “ಇಲ್ಲ ಅಂದಿದ್ದಕ್ಕೆ ಚಹಾ ಕುಡಿದದ್ದು ಇದೇ ಮೊದಲು” ಅಂದರು. ಅಂಗಿಯ ಮೊಣಕೈ ಹರಿದಿತ್ತು, ಗುಂಡಿಯಲ್ಲಿ ತಗುಲಿರಬೇಕು. ಬಿಚ್ಚಿಸಿಕೊಂಡು ಹೊಲಿದು ಕೊಟ್ಟೆ.

ಸಂಜೆ ವಕೀಲೆ ಓಡಿ ಬಂದಳು. ಅತ್ತೆ, “ಆ ಜಡ್ಜಮ್ಮನಿಗೆ ಹೇಳ್ಬೇಕಲ್ಲೇ, ಹೀಗಾಯ್ತು ಅಂತ” ಅಂದರು. ಜಡ್ಜರಿಗೆ ಹಾಗೆಲ್ಲ ಹೋಗಿ ಹೇಳುವ ಹಾಗಿಲ್ಲ ಅಂತ ವಕೀಲೆ ತಿಳಿಸಿದಳು. ಕೇಸು ಮುಗಿದ ಮೇಲೆ ಮುಗಿಯಿತು. ತಾನು ಆಡಿದ ಒಂದು ಇಲ್ಲ ಎಷ್ಟು ಜನರನ್ನು ಉಳಿಸಿತು ಅನ್ನುವುದು ಆ ನೆಗಡಿಯ ಜಡ್ಜಿಗೆ ಇವತ್ತಿಗೂ ತಿಳಿದಿರಲಾರದು. ನಾನು ಇದನ್ನು ಬರೆಯುತ್ತಿರುವುದು ಅದಕ್ಕೇ. ಎಲ್ಲಾದರೂ ಅವರ ಕಣ್ಣಿಗೆ ಬಿದ್ದರೆ ಬೀಳಲಿ.

ನನ್ನ ಗಂಡ ಗುಂಡಿಗೆ ಇಳಿದು, ಚಾಕು ಹಿಡಿದು, ತಾವೇ ಹೊಡೆದ ಬಣ್ಣವನ್ನು ತಾವೇ ಕೆರೆದರು. ಲೋಹ ಕಾಣುವವರೆಗೂ ಬಿಡಲಿಲ್ಲ. ಹೊಸ ಬ್ರೇಕು ಬಂತು. ಈ ಸಲ ರಿಪೇರಿ ಮುಗಿದ ಗಂಟೆಯೊಳಗೆ ನಾನು, ಮೇಷ್ಟ್ರು, ಮೆಕ್ಯಾನಿಕ್ಕು ಮೂವರೂ ಬೇರೆ ಬೇರೆಯಾಗಿ ಇನ್ಸ್‌ಪೆಕ್ಟರ್ ಕಚೇರಿಗೆ ಓಡಿ, ಬಾಗಿಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಅವರು ಮರುದಿನವೇ ಬಂದರು. ಮತ್ತೆ ಮರಳು, ಮತ್ತೆ ಇಳಿತ. ಬ್ರೇಕು ಸಡಿಲಿಸಿ ಬೇಕೆಂದೇ ಬೀಳಬಿಟ್ಟರು. ಖಟ್ ಅಂತ ಹಿಡಿಕೆ ಕಚ್ಚಿತು. ಲಿಫ್ಟು ನಡುವಿನಲ್ಲಿ ನಿಂತೇಬಿಟ್ಟಿತು, ಅಲ್ಲಾಡಲಿಲ್ಲ. ಆ ಖಟ್ ಅನ್ನುವ ಸದ್ದಿಗಿಂತ ಇಂಪಾದದ್ದನ್ನು ನನ್ನ ಕಿವಿ ಕೇಳಿಲ್ಲ.

ಸಹಿ ಹಾಕಿ ಹೊರಟವರನ್ನು ಅತ್ತೆ ತಡೆದರು. “ನೀವೂ ಹತ್ತಿ.” ಇನ್ಸ್‌ಪೆಕ್ಟರ್ ಒಂದು ಗಳಿಗೆ ನೋಡಿ, ಒಳಗೆ ಬಂದು ಅತ್ತೆಯ ಪಕ್ಕ ನಿಂತರು. ಬಾಗಿಲು ಮುಚ್ಚಿತು. ಅತ್ತೆಯ ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಆ ಮನುಷ್ಯನ ಹೊಲಿದ ಮೊಣಕೈಯ ಮೇಲೆ. ನಾಲ್ಕು, ಮೂರು, ಎರಡು ಅಂತ ದೀಪ ಹತ್ತುತ್ತಾ ಬಂತು.

ಚಿಕ್ಕತ್ತೆ ಗೇಟಿನ ಒಳಗೇ ಸ್ಟೂಲು ಹಾಕಿ ಕೂತಿದ್ದರು. ಎದುರಿಗೆ ಅಕ್ಕ ಬಂದು ನಿಂತಾಗ ಎದ್ದು ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಚೀಲದಿಂದ ಕೆಂಪು ರಿಬ್ಬನ್ನು ತೆಗೆದು ತಂಗಿಯ ಕೈಗಿಟ್ಟರು. “ನಂಗೊತ್ತಿತ್ತು ನೀನೇ ಕದ್ದಿದ್ದು!” ಅಂತ ಚಿಕ್ಕತ್ತೆ ರಸ್ತೆಯುದ್ದಕ್ಕೂ ಕೇಳುವ ಹಾಗೆ ಕೂಗಿ, ಅಳತೊಡಗಿದರು.

ಅತ್ತೆ ಅವರನ್ನು ಕೂರಿಸಿದರು, ತಾವೂ ಹಸಿರು ಕುರ್ಚಿ ಎಳೆಸಿಕೊಂಡು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತರು. “ಹೇಗೆ ಬಂದೆ?” ಅಂತ ಚಿಕ್ಕತ್ತೆ ಕೇಳಿದರು. “ಜಡ್ಜು ಹೇಳಿದ್ರಾ?”

ಅತ್ತೆ ಬಗ್ಗಿ, ತಂಗಿಯ ಕೂದಲನ್ನು ಹಿಂದೆ ಸರಿಸಿ, ಕಿವಿಗೆ ಬಾಯಿ ಹಚ್ಚಿ ನಿಧಾನವಾಗಿ ಹೇಳಿದರು.

“ಇಲ್ಲ ಅಂದ್ರು ಕಣೇ. ಅದಕ್ಕೇ ಬಂದೆ.”

ಚಿಕ್ಕತ್ತೆ ತಲೆಯಾಡಿಸಿದರು. ಕೇಳಿಸಿತ್ತು.